ಚೀಸ್‌ಸ್ಟೇಕ್ ಮೇಲೆ ಕೆಚಪ್ ಹಾಕಬಹುದಾ? ಹಾಕಬಹುದು

(ನಮ್ಮ ಕನ್ನಡ ಬಳಗದ ಸಂಜೆ ಕೂಟದಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಇಲ್ಲಿ ಹಾಕಿದ್ದೇನೆ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫಿಲಡೆಲ್ಫಿಯಾ ಸುತ್ತಮುತ್ತ ಇರುವವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರಿಂದ ಯಾರೇ ಬರಲಿ, ಲಿಬರ್ಟಿ ಬೆಲ್ ತೋರಿಸಬೇಕು, ಆರ್ಟ್ ಮ್ಯೂಸಿಯಂ ಮೆಟ್ಟಿಲು ಹತ್ತಿಸಬೇಕು, ಆಮೇಲೆ ಚೀಸ್‌ಸ್ಟೇಕ್ ಅಂಗಡಿ ಮುಂದೆ ಕ್ಯೂನಲ್ಲಿ ನಿಲ್ಲಿಸಬೇಕು. ಅಲ್ಲಿ ಅವರು ಕೇಳುವುದು ಒಂದೇ ಪ್ರಶ್ನೆ. "ಇದಕ್ಕೆ ಏನೇನು ಹಾಕಿಸಬೇಕು?" ಈ ಪ್ರಶ್ನೆಗೆ ಇಲ್ಲಿನ ಇಬ್ಬರು ಒಂದೇ ಉತ್ತರ ಕೊಟ್ಟಿದ್ದನ್ನು ನಾನಂತೂ ಕೇಳಿಲ್ಲ. ಒಬ್ಬ ವಿಜ್ ಚೀಸ್ ಅನ್ನುತ್ತಾನೆ, ಇನ್ನೊಬ್ಬ ಪ್ರೊವೊಲೋನ್ ಚೀಸ್ ಅನ್ನುತ್ತಾನೆ, ಮೂರನೆಯವನು ಅಣಬೆ ಹೆಸರು ಎತ್ತಿದರೆ ಮೊದಲಿನ ಇಬ್ಬರೂ ಒಂದಾಗಿ ಅವನ ಮೇಲೆ ಬೀಳುತ್ತಾರೆ.

ಶುರುವಿನಲ್ಲೇ ಒಂದು ಮಾತು. ಇದು ದನದ ಮಾಂಸದ ತಿಂಡಿ, ಅಂದರೆ ತೆಳ್ಳಗೆ ಕೊಯ್ದು ಹುರಿದ ಮಾಂಸವನ್ನು ಚೀಸ್ ಜೊತೆ ಉದ್ದನೆ ಬ್ರೆಡ್ ರೋಲಿಗೆ ತುಂಬಿದ ಸ್ಯಾಂಡ್‌ವಿಚ್. ಇಲ್ಲಿ ಕೂತಿರುವವರಲ್ಲಿ ತಿನ್ನುವವರೂ ಇದ್ದೀರಿ, ತಿನ್ನದವರೂ ಇದ್ದೀರಿ. ತಿನ್ನದವರಿಗೂ ಬೇಕಾದ ವಿಷಯ ಕೊನೆಯಲ್ಲಿ ಇದೆ, ಹಾಗಾಗಿ ಸ್ವಲ್ಪ ತಡೆದುಕೊಳ್ಳಿ.

ನನ್ನ ವಾದ ಇಷ್ಟೇ. "ಹಳೇ ಪದ್ಧತಿ ಯಾವುದು" ಅಂತ ಕೇಳುತ್ತಾ ಹೋದರೆ ಈ ಜಗಳ ಯಾವತ್ತೂ ಬಗೆಹರಿಯುವುದಿಲ್ಲ. ಆ ರೋಲ್ ಒಳಗೆ ಏನು ಜಾಸ್ತಿ ಇದೆ, ಏನು ಕಮ್ಮಿ ಇದೆ ಅಂತ ನೋಡಿದರೆ ಬಗೆಹರಿಯುತ್ತದೆ.

ಹಳೇ ಪದ್ಧತಿ ಯಾಕೆ ಕೈ ಕೊಡುತ್ತದೆ ಅಂದರೆ, ಮೊದಲನೇ ಚೀಸ್‌ಸ್ಟೇಕಿನಲ್ಲಿ ಚೀಸೇ ಇರಲಿಲ್ಲ! 1930ರಲ್ಲಿ ಸೌತ್ ಫಿಲಡೆಲ್ಫಿಯಾದ ಇಟಾಲಿಯನ್ ಮಾರ್ಕೆಟ್ ಹತ್ತಿರ ಪ್ಯಾಟ್ ಒಲಿವಿಯೇರಿ ಅನ್ನುವವರು ಗಾಡಿ ಇಟ್ಟುಕೊಂಡು ಹಾಟ್‌ಡಾಗ್ ಮಾರುತ್ತಿದ್ದರು. ಜೊತೆಗೆ ತಮ್ಮ ಹ್ಯಾರಿ. ಒಂದು ದಿನ ಹಾಟ್‌ಡಾಗ್ ತಿಂದು ತಿಂದು ಬೇಜಾರಾಗಿ, ಸ್ವಲ್ಪ ಮಾಂಸ ತರಿಸಿ, ಈರುಳ್ಳಿ ಜೊತೆ ಹುರಿದು, ಇಟಾಲಿಯನ್ ರೋಲಿಗೆ ತುಂಬಿಕೊಂಡರಂತೆ. ಅಷ್ಟರಲ್ಲಿ ಬಂದ ಟ್ಯಾಕ್ಸಿ ಡ್ರೈವರ್ ಒಬ್ಬ "ನನಗೂ ಅದೇ ಬೇಕು" ಅಂದನಂತೆ. ಇದು ಅವರ ಮನೆಯವರೇ ಹೇಳುತ್ತಾ ಬಂದಿರುವ ಕಥೆ. ಮಾಂಸ, ಈರುಳ್ಳಿ, ಬ್ರೆಡ್ಡು, ಅಷ್ಟೇ. ಚೀಸ್ ಬಂದಿದ್ದು 1940ರ ದಶಕದಲ್ಲಿ. ಅವರದೇ ಇನ್ನೊಂದು ಅಂಗಡಿಯ ಮ್ಯಾನೇಜರ್ ಜೋ ಲೊರೆನ್ಜಾ ಮೊದಲು ಪ್ರೊವೊಲೋನ್ ಹಾಕಿದರು ಅನ್ನುತ್ತಾರೆ. ಈಗ ಎಲ್ಲರೂ "ಇದೇ ಅಸಲಿ" ಅಂತ ಎದೆ ತಟ್ಟಿಕೊಳ್ಳುವ ಚೀಜ್ ವಿಜ್ ಅನ್ನುವ ಸಾಸಿನಂಥ ಪ್ರೊಸೆಸ್ಡ್ ಚೀಸ್ ಇದೆಯಲ್ಲ, ಕ್ರಾಫ್ಟ್ ಕಂಪನಿ ಅದನ್ನು ಅಮೆರಿಕಾ ಪೂರ್ತಿ ಮಾರಾಟಕ್ಕೆ ಬಿಟ್ಟಿದ್ದು 1953ರಲ್ಲಿ. ಅಂದರೆ ಸ್ಯಾಂಡ್‌ವಿಚ್ ಹುಟ್ಟಿ ಇಪ್ಪತ್ತು ವರ್ಷದ ಮೇಲಾಗಿತ್ತು. ಸಂಪ್ರದಾಯವೇ ಬೇಕು ಅನ್ನುವವರು ಚೀಸ್ ಬಿಟ್ಟು ತಿನ್ನಬೇಕು. ಯಾರೂ ತಯಾರಿಲ್ಲ, ನಾನೂ ತಯಾರಿಲ್ಲ.

ಆದರೂ ಜನ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ನೋಡಿ. 2003ರ ಆಗಸ್ಟಿನಲ್ಲಿ ಜಾನ್ ಕೆರ್ರಿ ಇದೇ ಒಲಿವಿಯೇರಿ ಮನೆಯವರ ಪ್ಯಾಟ್ಸ್ ಅಂಗಡಿಗೆ ಬಂದರು. ಅಧ್ಯಕ್ಷ ಚುನಾವಣೆಗೆ ಓಡಾಡುತ್ತಿದ್ದ ಕಾಲ. ಸ್ವಿಸ್ ಚೀಸ್ ಹಾಕಿ ಕೊಡಿ ಅಂದುಬಿಟ್ಟರು. ಪೇಪರ್, ಟೀವಿ ಎಲ್ಲ ಕಡೆ ಅದೇ ಸುದ್ದಿ. ಇವರಿಗೆ ಸಾಮಾನ್ಯ ಜನರ ನಾಡಿ ಗೊತ್ತಿಲ್ಲ ಅಂತ ಆಡಿಕೊಂಡರು. ಪಾಪ, ಒಂದು ಚೀಸ್ ತುಂಡಿನ ವಿಷಯ! ಪ್ಯಾಟ್ಸ್‌ನಲ್ಲಂತೂ ಆರ್ಡರ್ ಹೇಗೆ ಮಾಡಬೇಕು ಅಂತಲೇ ಬೋರ್ಡ್ ಹಾಕಿದ್ದಾರೆ. "ವಿಜ್ ವಿಟ್" ಅಂದರೆ ವಿಜ್ ಚೀಸ್, ಈರುಳ್ಳಿ ಸಮೇತ. "ಪ್ರೊವೊಲೋನ್ ವಿಟೌಟ್" ಅಂದರೆ ಈರುಳ್ಳಿ ಬೇಡ. ಎರಡು ಪದ ಹೇಳಬೇಕು, ದುಡ್ಡು ಕೈಯಲ್ಲಿ ಹಿಡಿದಿರಬೇಕು, ಮುಂದೆ ಹೋಗುತ್ತಿರಬೇಕು.

ಎದುರು ಮೂಲೆಯಲ್ಲಿ ಜೀನೋಸ್ ಇದೆ. 1966ರಲ್ಲಿ ಜೋಯಿ ವೆಂಟೋ ಶುರು ಮಾಡಿದ್ದು. ಅಲ್ಲಿ "ಇದು ಅಮೆರಿಕಾ, ಆರ್ಡರ್ ಮಾಡುವಾಗ ಇಂಗ್ಲಿಷಿನಲ್ಲಿ ಮಾತಾಡಿ" ಅನ್ನುವ ಬೋರ್ಡ್ ಇತ್ತು. 2006ರಲ್ಲಿ ಅದು ದೇಶದ ಸುದ್ದಿಯಾಯಿತು. ನಗರದ ಮಾನವ ಸಂಬಂಧಗಳ ಆಯೋಗದ ಮುಂದೆ ಕೇಸು ಹೋಗಿ, 2008ರಲ್ಲಿ ತಾರತಮ್ಯ ಅಲ್ಲ ಅಂತ ತೀರ್ಪಾಯಿತು. ವೆಂಟೋ 2011ರಲ್ಲಿ ತೀರಿಕೊಂಡರು, 2016ರಲ್ಲಿ ಬೋರ್ಡ್ ಇಳಿಯಿತು. ಇಟಲಿಯಿಂದ ಬಂದವರ ಮೊಮ್ಮಗ ಹಾಕಿದ ಬೋರ್ಡ್ ಅದು. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಚೀಸಿಗೆ ಬರುತ್ತೇನೆ.

ರೋಲ್ ಒಳಗೆ ಏನಿದೆ? ಸಾಮಾನ್ಯವಾಗಿ ರಿಬ್‌ಐ, ಅಂದರೆ ಪಕ್ಕೆಲುಬಿನ ಕಡೆಯ ಮಾಂಸ. ಅದರಲ್ಲಿ ಕೊಬ್ಬು ಚೆನ್ನಾಗಿ ಹರಡಿರುತ್ತದೆ. ಕಾಗದದ ಹಾಗೆ ತೆಳ್ಳಗೆ ಕೊಯ್ದು ದೊಡ್ಡ ಕಾವಲಿ ಮೇಲೆ ಹಾಕುತ್ತಾರೆ. ಜೀನೋಸ್‌ನಲ್ಲಿ ಹಾಳೆ ಹಾಗೇ ಬಿಡುತ್ತಾರೆ. ರಾಕ್ಸ್‌ಬರೋದ ಡಲೆಸ್ಸಾಂಡ್ರೋಸ್‌ನಲ್ಲಿ ಎರಡು ಅಲುಗು ಹಿಡಿದು ಪುಡಿಪುಡಿ ಮಾಡುತ್ತಾರೆ. ಹಾಳೆಯಾಗಿ ಬಿಟ್ಟರೆ ರಸ ಒಳಗೇ ಉಳಿಯುತ್ತದೆ, ಪುಡಿ ಮಾಡಿದರೆ ಚೀಸ್ ಎಲ್ಲ ಕಡೆ ಹೊಂದಿಕೊಳ್ಳುತ್ತದೆ. ನನಗೆ ಪುಡಿಯೇ ಇಷ್ಟ. ಯಾವುದೇ ಆಗಲಿ, ಲೆಕ್ಕ ನೋಡಿ: ಮಾಂಸದ ಕೊಬ್ಬು, ಕಾವಲಿಗೆ ಹಾಕಿದ ಎಣ್ಣೆ, ಅದರ ಮೇಲೆ ಚೀಸಿನ ಕೊಬ್ಬು. ಉಪ್ಪು ಬೇಕಾದಷ್ಟಿದೆ. ಈರುಳ್ಳಿಯಿಂದ ಸಿಹಿ ಇದೆ. ಕಾವಲಿಗೆ ತಾಗಿ ಕೆಂಪಗಾದ ಕಡೆ ಒಳ್ಳೇ ಹುರಿದ ವಾಸನೆ ಇದೆ. ಇಲ್ಲದ್ದು ಏನು? ಹುಳಿ. ನಿಂಬೆಹಣ್ಣು ಹಿಂಡಲು ಮರೆತ ಚಿತ್ರಾನ್ನ ಎರಡು ತುತ್ತಿಗೇ ಸಾಕು ಅನಿಸುತ್ತದಲ್ಲ, ಅದೇ ಕಥೆ ಇಲ್ಲೂ.

ಇನ್ನೊಂದು ವಿಷಯ ನೀರು. ರೋಲ್ ಸುಮಾರು ಒಂದು ಅಡಿಗಿಂತ ಸ್ವಲ್ಪ ಚಿಕ್ಕದು. ಹೊರಗೆ ತೆಳುವಾದ ಸಿಪ್ಪೆ, ಒಳಗೆ ಮೆತ್ತಗೆ, ಆದರೆ ಜಗಿಯುವ ಹಾಗಿರಬೇಕು. ಬಹಳ ಗರಿಗರಿ ಇದ್ದರೆ ಬಾಯಿ ಮೇಲ್ಭಾಗ ಕೆರೆಯುತ್ತದೆ, ಬಹಳ ಮೆತ್ತಗಿದ್ದರೆ ಕೈಯಲ್ಲೇ ಕರಗುತ್ತದೆ. ಅಮೊರೋಸೋ, ಲಿಶಿಯೋ ಥರದ ಬೇಕರಿಗಳ ಹೆಸರು ಇಲ್ಲಿ ಮನೆಮಾತು. ಜಾನ್ಸ್ ರೋಸ್ಟ್ ಪೋರ್ಕ್ ಅನ್ನುವ ಅಂಗಡಿಯಲ್ಲಿ ಎಳ್ಳು ಹಚ್ಚಿದ ರೋಲ್ ಕೊಡುತ್ತಾರೆ, ಅದರ ರುಚಿಯೇ ಬೇರೆ. ನದಿ ದಾಟಿ ನ್ಯೂಜೆರ್ಸಿಯ ಕ್ಯಾಮ್ಡನ್‌ಗೆ ಹೋದರೆ ಡಾಂಕೀಸ್ ಪ್ಲೇಸ್‌ನಲ್ಲಿ ಉದ್ದನೆ ರೋಲೇ ಇಲ್ಲ. ಗಸಗಸೆ ಹಾಕಿದ ದುಂಡನೆ ಕೈಸರ್ ರೋಲಿನಲ್ಲಿ ಕೊಡುತ್ತಾರೆ. ಫಿಲಡೆಲ್ಫಿಯಾದವರ ಎದುರು ಅದನ್ನು ಹೊಗಳುವ ಮುಂಚೆ ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳಿ. ಬ್ರೆಡ್ ಯಾವುದೇ ಇರಲಿ, ಅದು ಹೀರಿಕೊಳ್ಳುವ ರಸಕ್ಕೆ ಒಂದು ಮಿತಿ ಇದೆ. ಮಾಂಸದ ರಸವೇ ಆ ಮಿತಿಯ ಹತ್ತಿರ ತಂದಿರುತ್ತದೆ. ಅದರ ಮೇಲೆ ನೀರು ಬಿಡುವ ತರಕಾರಿ ಹಾಕಿದರೆ ಮುಗಿಯಿತು, ತಳ ಕಳಚಿ ಷರ್ಟಿನ ಮೇಲೆ ಬೀಳುತ್ತದೆ. ಇಲ್ಲಿನವರು ಸೊಂಟ ಬಗ್ಗಿಸಿ, ಕಾಲು ಹಿಂದೆ ಇಟ್ಟು, ಮುಂದಕ್ಕೆ ಬಾಗಿ ನಿಂತು ತಿನ್ನುವುದು ಸುಮ್ನೆ ಅಲ್ಲ.

ಈ ಎರಡನ್ನು, ಹುಳಿ ಮತ್ತು ನೀರನ್ನು, ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಜಗಳಗಳೆಲ್ಲ ಸುಲಭ.

ಮೊದಲು ಚೀಸ್. ವಿಜ್, ಅಮೆರಿಕನ್, ಪ್ರೊವೊಲೋನ್, ಈ ಮೂರೇ ಮುಖ್ಯ. ಫಿಲಡೆಲ್ಫಿಯಾ ಕ್ರೀಮ್ ಚೀಸ್ ಹಾಕುತ್ತಾರಾ ಅಂತ ನಮ್ಮ ಕಡೆಯವರು ಕೇಳುವುದುಂಟು. ಆ ಚೀಸಿಗೂ ಈ ಊರಿಗೂ ಸಂಬಂಧ ಇಲ್ಲ, ಅದು ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ವಿಜ್ ಕಂಡರೆ ಮೂಗು ಮುರಿಯುವವರಿಗೆ ಒಂದು ಮಾತು ಹೇಳಬೇಕು. ಚೀಸಿನಲ್ಲಿ ಹಾಲಿನ ಪ್ರೋಟೀನು ಬಲೆ ಹಾಗೆ ಹೆಣೆದುಕೊಂಡಿರುತ್ತದೆ, ಕೊಬ್ಬು ಅದರೊಳಗೆ ಸಿಕ್ಕಿಕೊಂಡಿರುತ್ತದೆ, ಆ ಬಲೆಯನ್ನು ಬಿಗಿ ಹಿಡಿಯುವುದು ಕ್ಯಾಲ್ಸಿಯಂ. ಹಳೇ ಗಟ್ಟಿ ಚೀಸನ್ನು ಜೋರಾಗಿ ಕಾಯಿಸಿದರೆ ಬಲೆ ಕುಗ್ಗುತ್ತದೆ, ಎಣ್ಣೆ ಹೊರಗೆ ಬರುತ್ತದೆ, ಉಳಿದದ್ದು ರಬ್ಬರಿನಂತೆ ಎಳೆಯುತ್ತದೆ. ವಿಜ್, ಅಮೆರಿಕನ್ ಥರದ ಪ್ರೊಸೆಸ್ಡ್ ಚೀಸಿಗೆ ಸೋಡಿಯಂ ಸಿಟ್ರೇಟ್, ಸೋಡಿಯಂ ಫಾಸ್ಫೇಟ್ ಥರದ ಉಪ್ಪು ಹಾಕಿರುತ್ತಾರೆ. ಅದು ಕ್ಯಾಲ್ಸಿಯಮ್ಮನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಪ್ರೋಟೀನು ಸಡಿಲವಾಗಿ ಕೊಬ್ಬನ್ನೂ ನೀರನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ವಿಜ್, ಅಮೆರಿಕನ್ ಎರಡೂ ಸಾರಿನಂತೆ ಹರಿದು ಮಾಂಸದ ಸಂದಿಗೆಲ್ಲ ಇಳಿಯುತ್ತವೆ. ಮಾಂಸದಿಂದ ಬಂದ ರಸವನ್ನೂ ತಮ್ಮ ಜೊತೆ ಹಿಡಿದುಕೊಳ್ಳುತ್ತವೆ. ಬ್ರೆಡ್ ಉಳಿಯುತ್ತದೆ.

ಪ್ರೊವೊಲೋನ್‌ಗೆ ರುಚಿ ಜಾಸ್ತಿ, ಕರಗುವ ಗುಣ ಕಮ್ಮಿ. ಶಾರ್ಪ್ ಪ್ರೊವೊಲೋನ್ ಇನ್ನೂ ಖಡಕ್, ಅದು ಈ ಊರಿನ ಇನ್ನೊಂದು ಸ್ಯಾಂಡ್‌ವಿಚ್ಚಿಗೆ, ಹಂದಿ ಮಾಂಸದ ರೋಸ್ಟ್ ಪೋರ್ಕಿಗೆ, ಕಹಿ ಸೊಪ್ಪಿನ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಚೀಸ್‌ಸ್ಟೇಕಿಗೆ ನನ್ನ ಆಯ್ಕೆ ಈಗೀಗ ಎಲ್ಲ ಕಡೆ ಸಿಗುತ್ತಿರುವ ಕೂಪರ್ ಶಾರ್ಪ್. ಅದೂ ಅಮೆರಿಕನ್ ಚೀಸೇ, ಆದರೆ ಸ್ವಲ್ಪ ಚುರುಕು, ಒಂದು ಎಳೆ ಹುಳಿ. ಕರಗುವುದೂ ಕರಗುತ್ತದೆ, ರುಚಿಯೂ ಇದೆ. ವಿಜ್ ತಿನ್ನುವುದು ಪಾಪ ಅಲ್ಲ, ಆದರೆ ಅದರಲ್ಲಿ ಉಪ್ಪು ಬಿಟ್ಟರೆ ಬೇರೆ ಮಾತಿಲ್ಲ.

ಈರುಳ್ಳಿ ಬೇಕೇ ಬೇಕು. ಇದರಲ್ಲಿ ನನಗೆ ಚರ್ಚೆಯೇ ಬೇಡ. 1930ರಿಂದಲೂ ಇದ್ದದ್ದು ಅಂತ ಅಲ್ಲ. ಕಾವಲಿಯ ಕೊಬ್ಬಿನಲ್ಲಿ ನಿಧಾನವಾಗಿ ಬೆಂದು, ನೀರು ಆವಿಯಾಗಿ, ಅಂಚು ಕೆಂಪಾದ ಈರುಳ್ಳಿ ಸಿಹಿ ಕೊಡುತ್ತದೆ, ಬ್ರೆಡ್ ಒದ್ದೆ ಮಾಡುವುದಿಲ್ಲ. ಆದರೆ ಕೆಲವು ಕಡೆ ಗಡಿಬಿಡಿಯಲ್ಲಿ ಬಿಳಿ ಬಿಳಿ ಈರುಳ್ಳಿ ಹಾಕಿ ಕೊಡುತ್ತಾರೆ. ಅದು ಅರ್ಧ ಹಸಿ, ಅರ್ಧ ನೀರು. ಅಂಥ ಕಡೆ "ವಿಟೌಟ್" ಅನ್ನುವುದೇ ವಾಸಿ.

ದೊಣ್ಣೆ ಮೆಣಸಿನಕಾಯಿಗೆ ಬನ್ನಿ. ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ "ಫಿಲ್ಲಿ" ಅಂತ ಬೋರ್ಡ್ ಹಾಕಿದ ಅಂಗಡಿಗೆ ಹೋದರೆ ಕೇಳದೇ ಹಸಿರು ದೊಣ್ಣೆ ಮೆಣಸಿನಕಾಯಿ ಹಾಕಿಬಿಡುತ್ತಾರೆ. ಫಿಲಡೆಲ್ಫಿಯಾದವರಿಗೆ ಇದನ್ನು ಕಂಡರೆ ಆಗುವುದಿಲ್ಲ. ಅವರ ಸಿಟ್ಟಿಗೆ ಕಾರಣ ಊರಿನ ಅಭಿಮಾನ, ನನ್ನ ತಕರಾರು ನೀರಿನದು. ಅದರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ. ಅರ್ಧ ಬೆಂದರೆ ಒಂದು ಥರದ ಹಸಿ ಕಹಿ ಬೇರೆ. ಅಣಬೆಯಲ್ಲೂ ನೀರು ಅಷ್ಟೇ ಇದೆ, ಆದರೆ ಅಣಬೆಗೆ ಒಂದು ಅವಕಾಶ ಕೊಡುತ್ತೇನೆ. ಬೇರೆಯಾಗಿ, ಜೋರು ಉರಿಯಲ್ಲಿ, ನೀರೆಲ್ಲ ಹೋಗಿ ಕೆಂಪಾಗುವವರೆಗೆ ಹುರಿದರೆ ಮಾಂಸಕ್ಕೆ ಚೆನ್ನಾಗಿ ಸೇರುತ್ತದೆ. ಡಬ್ಬದ ಅಣಬೆ ಸುರಿಯುವ ಅಂಗಡಿಯಲ್ಲಿ ಮಾತ್ರ ಬೇಡ.

ಈಗ ಹುಳಿ. ಇಲ್ಲಿ ಗೆಲ್ಲುವುದು ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿ, ಅಂದರೆ ವಿನಿಗರ್‌ನಲ್ಲಿ ನೆನೆದ ಚೆರ್ರಿ ಪೆಪ್ಪರ್. ಗುಂಡಗೆ, ಕೆಂಪಗೆ, ಹುಳಿ, ಖಾರ. ಒಂದು ಕಚ್ಚಿದರೆ ಕೊಬ್ಬಿನ ಮಬ್ಬು ಹೋಗಿ ಮುಂದಿನ ತುತ್ತು ಮೊದಲನೇ ತುತ್ತಿನ ಹಾಗೇ ಇರುತ್ತದೆ. ಲಾಂಗ್ ಹಾಟ್ಸ್ ಅಂತ ಉದ್ದನೆ ಹಸಿರು ಮೆಣಸಿನಕಾಯಿ ಹುರಿದು ಕೊಡುತ್ತಾರೆ. ಒಂದು ಸಪ್ಪೆ, ಇನ್ನೊಂದು ಕಣ್ಣಲ್ಲಿ ನೀರು, ಯಾವುದು ಬರುತ್ತದೋ ಹೇಳಲಾಗದು. ನಮ್ಮವರಿಗೆ ಇದು ಹಿಡಿಸುತ್ತದೆ. ಆದರೆ ಅದರಲ್ಲಿ ಹುಳಿ ಇಲ್ಲ, ಖಾರ ಮಾತ್ರ. ಹಾಗಾಗಿ ಎರಡರಲ್ಲಿ ಒಂದೇ ಅಂದರೆ ಚೆರ್ರಿ ಪೆಪ್ಪರ್.

ಕೆಚಪ್. ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಕೇಳಿಸಿತು. ಕೆಚಪ್ ಹಾಕುವವರು ಮಕ್ಕಳು, ಟೂರಿಸ್ಟುಗಳು ಅಂತ ಬಹಳ ಜನ ಹೇಳುತ್ತಾರೆ. ಅಂಗಡಿ ಕಿಟಕಿ ಪಕ್ಕದ ಕಟ್ಟೆ ನೋಡಿ, ಕೆಚಪ್ ಇಟ್ಟಿರುತ್ತಾರೆ. ಈ ಊರಲ್ಲೇ ಹುಟ್ಟಿ ಕೆಚಪ್ ಹಾಕಿಕೊಂಡೇ ಬೆಳೆದವರು ಬೇಕಾದಷ್ಟಿದ್ದಾರೆ. ಅದರಲ್ಲಿ ಏನಿದೆ? ಟೊಮ್ಯಾಟೊ, ವಿನಿಗರ್, ಸಕ್ಕರೆ, ಉಪ್ಪು. ಹುಳಿ ಎರಡು ಕಡೆಯಿಂದ ಬರುತ್ತದೆ, ಗಟ್ಟಿಯಾಗಿರುವುದರಿಂದ ಬ್ರೆಡ್ ನೆನೆಯುವುದಿಲ್ಲ. ನನ್ನ ಎರಡೂ ಪರೀಕ್ಷೆ ಪಾಸು. ಸಿಹಿ ಜಾಸ್ತಿ ಅನ್ನುವುದು ನಿಜ, ಅದಕ್ಕೇ ಈರುಳ್ಳಿ ಸಿಹಿ ಇರುವಾಗ ಒಂದು ಗೆರೆ ಎಳೆದರೆ ಸಾಕು, ಅರ್ಧ ಬಾಟಲಿ ಬೇಡ. ಪಿಜ್ಜಾ ಸ್ಟೇಕ್ ಅಂತ ಇಲ್ಲಿ ದಶಕಗಳಿಂದ ಮಾರುತ್ತಾರೆ. ಟೊಮ್ಯಾಟೊ ಸಾಸ್, ಮೇಲೆ ಮೊಜರೆಲ್ಲಾ ಅಥವಾ ಪ್ರೊವೊಲೋನ್. ಅದಕ್ಕೆ ಯಾರೂ ನಗುವುದಿಲ್ಲ. ಬಟ್ಟಲಿನಲ್ಲಿ ಬಂದರೆ ಮರ್ಯಾದೆ, ಬಾಟಲಿಯಲ್ಲಿ ಬಂದರೆ ಅವಮಾನ, ಇದು ಯಾವ ನ್ಯಾಯ?

ಮಯೋನೀಸ್ ನನ್ನ ಲೆಕ್ಕದಲ್ಲಿ ಫೇಲು. ಕೊಬ್ಬಿನ ಮೇಲೆ ಕೊಬ್ಬು. ಆದರೆ ಚೀಸ್‌ಸ್ಟೇಕ್ ಹೋಗಿ ಅಂತ ಒಂದು ಇದೆ, ಹೋಗಿ ಅಂದರೆ ಇಲ್ಲಿನ ಉದ್ದ ರೋಲಿನ ಸ್ಯಾಂಡ್‌ವಿಚ್ಚು. ಅದಕ್ಕೆ ಲೆಟ್ಯೂಸ್, ಟೊಮ್ಯಾಟೊ, ಮಯೋನೀಸ್ ಹಾಕುತ್ತಾರೆ. ಬಡಾವಣೆಗಳ ಪಿಜ್ಜಾ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಹಾಗಾಗಿ "ಫಿಲಡೆಲ್ಫಿಯಾದಲ್ಲಿ ಯಾರೂ ಲೆಟ್ಯೂಸ್ ಹಾಕುವುದಿಲ್ಲ" ಅನ್ನುವುದು ಸುಳ್ಳು. ಹಾಕುತ್ತಾರೆ. ನಾನು ಹಾಕಿಸುವುದಿಲ್ಲ, ಯಾಕೆಂದರೆ ಬಿಸಿ ಮಾಂಸದ ಕೆಳಗೆ ಸಿಕ್ಕ ಲೆಟ್ಯೂಸ್ ಎರಡೇ ನಿಮಿಷದಲ್ಲಿ ಬಾಡಿದ ಸೊಪ್ಪು.

ಬಾರ್ಕ್ಲೇ ಪ್ರೈಮ್ ಅಂತ ಇಲ್ಲಿ ದುಬಾರಿ ಸ್ಟೇಕ್‌ಹೌಸ್ ಇದೆ. ಅಲ್ಲಿ ನೂರು ಡಾಲರಿಗಿಂತ ಜಾಸ್ತಿ ಬೆಲೆಯ ಚೀಸ್‌ಸ್ಟೇಕ್ ಕೊಡುತ್ತಾರೆ. ವಾಗ್ಯು ಅನ್ನುವ ಜಪಾನಿ ತಳಿಯ ದನದ ಮಾಂಸ, ಬಾತುಕೋಳಿ ಲಿವರ್‌ನ ಫುವಾ ಗ್ರಾ, ಟ್ರಫಲ್ ಅನ್ನುವ ದುಬಾರಿ ಅಣಬೆ. ಪಕ್ಕಕ್ಕೆ ಷಾಂಪೇನ್. ನನ್ನ ಪ್ರಕಾರ ಇಡೀ ತಟ್ಟೆಯಲ್ಲಿ ಅತ್ಯಂತ ಅಗತ್ಯವಾದದ್ದು ಆ ಷಾಂಪೇನ್, ಹುಳಿ ಇರುವುದು ಅದರಲ್ಲಿ ಮಾತ್ರ.

ನಾನು ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು, ಅದರಲ್ಲಿ ಕೆಲವು ಇಲ್ಲಿವೆ.

ಮುಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು, "ದನದ ಮಾಂಸ ತಿನ್ನದವರು ಏನು ಮಾಡಬೇಕಪ್ಪಾ?"

ಚಿಕನ್ ಚೀಸ್‌ಸ್ಟೇಕ್ ಬಹಳ ಕಡೆ ಸಿಗುತ್ತದೆ ಅಮ್ಮಾ. ಚಿಕನ್‌ನಲ್ಲಿ ಕೊಬ್ಬು ಕಮ್ಮಿ, ಹಾಗಾಗಿ ಅಲ್ಲಿ ಲೆಕ್ಕ ತಿರುಗುತ್ತದೆ. ಒಣಗಿದ ಹಾಗಿರುವುದರಿಂದ ಸಾಸ್ ಜಾಸ್ತಿ ಬೇಕು, ಅದಕ್ಕೇ ಬಫಲೋ ಚಿಕನ್ ಸ್ಟೇಕಿಗೆ ಖಾರದ ಹಾಟ್ ಸಾಸೂ ಬ್ಲೂ ಚೀಸೂ ಹಾಕುತ್ತಾರೆ, ಅದು ಚೆನ್ನಾಗಿರುತ್ತದೆ. ಆದರೆ ಒಂದು ವಿಷಯ ಮುಂಚೆಯೇ ಕೇಳಿಕೊಳ್ಳಿ. ತುಂಬಾ ಅಂಗಡಿಗಳಲ್ಲಿ ಕಾವಲಿ ಒಂದೇ, ಅಲುಗೂ ಒಂದೇ. ದನದ ಮಾಂಸ ಹುರಿದ ಕೊಬ್ಬಿನಲ್ಲೇ ಚಿಕನ್ನೂ ಅಣಬೆಯೂ ಬೇಯುತ್ತದೆ. "ಸಪರೇಟ್ ಮಾಡಿಕೊಡುತ್ತೀರಾ" ಅಂತ ಕೇಳಿದರೆ ಕೆಲವರು ಮಾಡಿಕೊಡುತ್ತಾರೆ, ಕೆಲವರು ಆಗಲ್ಲ ಅನ್ನುತ್ತಾರೆ. ಹಲಾಲ್ ಬೇಕಾದವರಿಗೆ ವೆಸ್ಟ್ ಫಿಲಡೆಲ್ಫಿಯಾದಲ್ಲಿ ಸಾದ್ಸ್ ಇದೆ. ಪೂರ್ತಿ ಸಸ್ಯಾಹಾರಿಗಳಿಗೆ ಗೋಧಿ ಅಂಟಿನಿಂದ ಮಾಡಿದ ಸೇಟಾನ್ ಹಾಕಿ ಕೊಡುವ ವೀಗನ್ ಅಂಗಡಿಗಳಿವೆ. ಸೇಟಾನ್ ತಾನೇ ಸಪ್ಪೆಯಾಗಿರುತ್ತದೆ, ಅಲ್ಲಿ ಚೆರ್ರಿ ಪೆಪ್ಪರ್ ಇನ್ನೂ ಮುಖ್ಯ.

ಒಬ್ಬ ಹುಡುಗ, ಈ ವರ್ಷವೇ ಓದಲು ಬಂದವನು, "ಅಂಕಲ್, ಮನೆಯಲ್ಲೇ ಮಾಡಿಕೊಂಡರೆ ಕಮ್ಮಿ ಖರ್ಚಲ್ವಾ?" ಅಂದ.

ಕಮ್ಮಿ ಖರ್ಚು, ಕೆಲಸ ಜಾಸ್ತಿ. ಮಾಂಸವನ್ನು ಫ್ರೀಜರಿನಲ್ಲಿ ಇಟ್ಟು ಅರ್ಧ ಗಟ್ಟಿ ಮಾಡು, ಆಗ ಮಾತ್ರ ತೆಳ್ಳಗೆ ಕೊಯ್ಯಲು ಬರುತ್ತದೆ. ಕಬ್ಬಿಣದ ಹೆಂಚು ಹೊಗೆ ಬರುವಷ್ಟು ಕಾಯಬೇಕು. ಈರುಳ್ಳಿ ಮುಂಚೆ ಮಾಡಿ ತೆಗೆದಿಟ್ಟುಕೋ. ಮಾಂಸ ಸ್ವಲ್ಪ ಸ್ವಲ್ಪವೇ ಹಾಕು, ಒಟ್ಟಿಗೆ ಸುರಿದರೆ ಹೆಂಚು ತಣ್ಣಗಾಗಿ ಮಾಂಸ ಹುರಿಯುವ ಬದಲು ಬೇಯುತ್ತದೆ. ಕೊನೆಗೆ ಹೆಂಚಿನ ಮೇಲೇ ರೋಲಿನ ಉದ್ದಕ್ಕೆ ಮಾಂಸ ಜೋಡಿಸಿ, ಚೀಸ್ ಇಟ್ಟು, ಬಿಚ್ಚಿದ ರೋಲನ್ನು ಮೇಲೆ ಕವುಚಿ ಅರ್ಧ ನಿಮಿಷ ಬಿಡು. ಆವಿಗೆ ರೋಲ್ ಮೆತ್ತಗಾಗುತ್ತದೆ, ಚೀಸ್ ಕರಗುತ್ತದೆ. ಅಗಲದ ಸೌಟು ಕೆಳಗೆ ತೂರಿಸಿ ಒಂದೇ ಸಲ ತಿರುಗಿಸಿಬಿಡು. ಬೆಂಗಳೂರಿಗೆ ಹೋದಾಗ ಮಾಡಿದರೂ ಇದೇ ವಿಧಾನ, ಅಲ್ಲಿ ಸಿಗುವ ಪ್ರೊಸೆಸ್ಡ್ ಚೀಸ್ ಸ್ಲೈಸ್ ಇದಕ್ಕೆ ಧಾರಾಳ ಸಾಕು. ಚೆರ್ರಿ ಪೆಪ್ಪರ್ ಸಿಗದಿದ್ದರೆ ಬಜ್ಜಿ ಮೆಣಸಿನಕಾಯಿಯನ್ನು ಚಕ್ರದ ಹಾಗೆ ಕೊಯ್ದು, ಉಪ್ಪು, ಚಿಟಿಕೆ ಸಕ್ಕರೆ ಹಾಕಿದ ಬಿಸಿ ವಿನಿಗರ್‌ನಲ್ಲಿ ಒಂದು ರಾತ್ರಿ ನೆನೆಸು.

ಕೊನೆಯ ಪ್ರಶ್ನೆ ಕೇಳಿದ್ದು ಶಿವಮೊಗ್ಗ ಕಡೆಯ ಒಬ್ಬರು. "ಕೆಚಪ್ ಆಗುತ್ತೆ ಅಂದರೆ ಟೊಮ್ಯಾಟೊ ಗೊಜ್ಜು ಯಾಕಾಗಬಾರದು?"

ಖಂಡಿತ ಆಗುತ್ತದೆ ಸಾರ್. ಪಿಜ್ಜಾ ಸ್ಟೇಕಿನ ಸಾಸಿಗೂ ಅದಕ್ಕೂ ಬಹಳ ದೂರ ಇಲ್ಲ. ಎಣ್ಣೆ ಬಿಡುವವರೆಗೆ ಕುದಿಸಿ ಗಟ್ಟಿ ಮಾಡಿ, ಬೆಲ್ಲ ಕಮ್ಮಿ ಹಾಕಿ, ತೆಳುವಾಗಿ ಸವರಿ. ಒಗ್ಗರಣೆಗೆ ಕರಿಬೇವು ಹಾಕಿದ್ದರೆ ಎಲೆ ತೆಗೆದುಬಿಡಿ, ಚೀಸಿನ ಜೊತೆ ಅದು ಹಲ್ಲಿಗೆ ಅಂಟಿಕೊಳ್ಳುತ್ತದೆ.